ಬ್ಯಾಂಡ್ ಕಟ್ಟಿಕೊಂಡರೂ ರ‍್ಯಾಮ್ ಏಕೆ ಸಾಯುತ್ತದೆ? ಕಂಪ್ಯೂಟರ್ ಬಿಚ್ಚುವಾಗ ಸ್ಟ್ಯಾಟಿಕ್‌ನಿಂದ ಬಿಡಿಭಾಗ ಉಳಿಸಿಕೊಳ್ಳುವ ಕ್ರಮ

ಸಂಕ್ರಾಂತಿ ಕಳೆದು ಯುಗಾದಿ ಬರುವವರೆಗೆ ನನಗೆ ಬರುವ ಫೋನುಗಳಲ್ಲಿ ಒಂದೇ ದೂರು: "ಹೊಸ ರ‍್ಯಾಮ್ ಹಾಕಿದೆ, ಡಿಸ್‌ಪ್ಲೇ ಬರ್ತಿಲ್ಲ." ಸ್ಟ್ಯಾಟಿಕ್ ಅಂದರೆ ಉಜ್ಜಾಟದಿಂದ ಮೈಯಲ್ಲಿ ಸೇರುವ ವಿದ್ಯುತ್ ಚಾರ್ಜ್. ಅದನ್ನು ಇಳಿಸುವ ತಂತಿಯ ಬ್ಯಾಂಡ್ ಕೈಗೆ ಕಟ್ಟಿಕೊಂಡಿದ್ರಾ ಅಂದರೆ ಹೌದು ಅನ್ನುತ್ತಾರೆ. ಕ್ಲಿಪ್ ಎಲ್ಲಿಗೆ ಸಿಕ್ಕಿಸಿದ್ರಿ? "ಕ್ಯಾಬಿನೆಟ್ಟಿಗೆ ಸರ್, ಸೈಡಲ್ಲಿ ಕಪ್ಪು ಪೇಂಟ್ ಇದೆಯಲ್ಲ, ಅಲ್ಲಿಗೆ." ರ‍್ಯಾಮ್ ಕವರ್‌ನಿಂದ ತೆಗೆದು ಎಲ್ಲಿಟ್ರಿ? "ಪಕ್ಕದಲ್ಲೇ, ಥರ್ಮಾಕೋಲ್ ಮೇಲೆ."

ಬ್ಯಾಂಡ್‌ಗೆ ಕೊಟ್ಟ ದುಡ್ಡು ಅಲ್ಲಿಗೆ ನೀರಿಗೆ ಬಿತ್ತು. ಸಾಮಾನು ಇಲ್ಲದೆ ಕೆಡಿಸಿಕೊಂಡವರಿಗಿಂತ, ಸಾಮಾನು ಇದ್ದೂ ಕ್ರಮ ತಪ್ಪಿ ಕೆಡಿಸಿಕೊಂಡವರನ್ನೇ ನಾನು ಹೆಚ್ಚು ನೋಡಿದ್ದೇನೆ. ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಆಮೇಲೆ ಅನ್ನುವುದರಲ್ಲೇ ಎಲ್ಲ ಇದೆ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಶುರು ಮಾಡುವ ಮುನ್ನ: ಎರಡು ಕೊಡ, ಒಂದು ಸಣ್ಣ ಪೈಪು

ಒಂದು ಕೊಡದ ತುಂಬ ನೀರು, ಇನ್ನೊಂದರಲ್ಲಿ ತಳದಲ್ಲಷ್ಟೇ ನೀರು ಅಂದುಕೊಳ್ಳಿ. ಎರಡರ ನಡುವೆ ದಪ್ಪ ಪೈಪು ಹಾಕಿದರೆ ನೀರು ಭೋರೆಂದು ನುಗ್ಗುತ್ತದೆ. ಸೂಜಿಯಂಥ ಸಣ್ಣ ಪೈಪು ಹಾಕಿದರೆ ಸದ್ದಿಲ್ಲದೆ ಹರಿದು ಮಟ್ಟ ಒಂದಾಗುತ್ತದೆ. ನಿಮ್ಮ ಮೈ ಒಂದು ಕೊಡ, ಮದರ್‌ಬೋರ್ಡ್ ಇನ್ನೊಂದು. ಮಟ್ಟ ಬೇರೆ ಬೇರೆ ಇದ್ದಾಗ ಬೆರಳು ತಾಗಿದರೆ ನಡುವೆ ಸಿಕ್ಕಿದ ಚಿಪ್ಪೇ ಆ ದಪ್ಪ ಪೈಪು. ನಮ್ಮ ಕೆಲಸ ಇಷ್ಟೇ: ಚಿಪ್ ಮುಟ್ಟುವ ಮೊದಲೇ ಬೇರೆ ದಾರಿಯಲ್ಲಿ, ನಿಧಾನವಾಗಿ ಮಟ್ಟ ಸರಿ ಮಾಡಿಬಿಡುವುದು.

ಬೆರಳಿಗೆ "ಚಟ್" ಎಂದು ಗೊತ್ತಾಗಬೇಕಾದರೆ ಮೈಯಲ್ಲಿ ಸುಮಾರು 3000 ವೋಲ್ಟ್ ಸೇರಿರಬೇಕು. ಚಿಪ್‌ಗಳಲ್ಲಿ ಕೆಲವು 100 ವೋಲ್ಟ್‌ಗೂ ಸೋಲುತ್ತವೆ. ಅಂದರೆ ನಿಮಗೆ ಏನೂ ಅನ್ನಿಸದೆಯೇ ಕೆಲಸ ಕೆಟ್ಟಿರಬಹುದು. "ನನಗೆ ಶಾಕೇ ಹೊಡೀಲಿಲ್ಲ" ಅನ್ನುವುದು ಸಾಕ್ಷಿಯಾಗುವುದಿಲ್ಲ.

ಬೇಕಾದ ಸಾಮಾನು

ತಂತಿ ಇರುವ ರಿಸ್ಟ್ ಬ್ಯಾಂಡ್ ಒಂದು. ತಂತಿಯೇ ಇಲ್ಲದ "ವೈರ್‌ಲೆಸ್" ಬ್ಯಾಂಡ್‌ಗಳೂ ಮಾರಾಟಕ್ಕಿವೆ, ಅವುಗಳಿಂದ ಕೆಲಸವಾಗುವುದಿಲ್ಲ. ಚಾರ್ಜ್ ಹರಿದುಹೋಗಲು ದಾರಿಯೇ ಇಲ್ಲದ ಮೇಲೆ ಅದು ಹೋಗುವುದಾದರೂ ಎಲ್ಲಿಗೆ?

ಒಂದು ಡಿಜಿಟಲ್ ಮಲ್ಟಿಮೀಟರ್, 20 ಮೆಗಾಓಮ್‌ವರೆಗೆ ಅಳೆಯುವಂಥದ್ದು. ಇದನ್ನು ಜನ ಪಟ್ಟಿಯಿಂದ ಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಬ್ಯಾಂಡ್‌ಗಿಂತ ಮೀಟರ್ ಮುಖ್ಯ, ಏಕೆಂದರೆ ಬ್ಯಾಂಡ್ ಸುಳ್ಳು ಹೇಳುತ್ತಿದೆಯೇ ಎಂದು ತಿಳಿಸುವುದು ಅದೊಂದೇ.

ಆಗಾಗ ಬಿಚ್ಚುವವರಾದರೆ ಸ್ಟ್ಯಾಟಿಕ್ ಇಳಿಸುವ ಇಎಸ್‌ಡಿ ರಬ್ಬರ್ ಮ್ಯಾಟ್ ತೆಗೆದುಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೋಲ್ಡರಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ, ಸಾಮಾನ್ಯವಾಗಿ ಹಸಿರು ಅಥವಾ ನೀಲಿ, ಅಡಿಯಲ್ಲಿ ಕಪ್ಪು ಪದರ. ಅಂಚಿಗೆ ಲೋಹದ ಗುಂಡಿ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ತಂತಿ ಸಿಕ್ಕಿಸಲು ಜಾಗವಿರುವುದಿಲ್ಲ. ಹಾಗೆಂದು ಅಡುಗೆಮನೆಯ ರಬ್ಬರ್ ಶೀಟು, ಯೋಗ ಮ್ಯಾಟು ಇದಕ್ಕೆ ಬದಲಿ ಆಗುವುದಿಲ್ಲ. ಅವು ಚಾರ್ಜ್ ಹುಟ್ಟಿಸುವ ಸಾಮಾನುಗಳು.

ಜೊತೆಗೆ ಬೆಳ್ಳಿ ಬಣ್ಣದ ಶೀಲ್ಡಿಂಗ್ ಕವರ್ ಎರಡು ಮೂರು, ಸ್ಕ್ರೂಡ್ರೈವರ್ ಸೆಟ್, ಸ್ಕ್ರೂ ಹಾಕಿಡಲು ಸ್ಟೀಲ್ ತಟ್ಟೆ. ಕವರ್‌ಗಳ ವಿಷಯ ಮುಂದೆ ಬರುತ್ತದೆ, ಅದರಲ್ಲೇ ಅರ್ಧ ಜನ ಎಡವುತ್ತಾರೆ.

ಹಂತ 1: ಹೊತ್ತು, ಜಾಗ, ಮೈಮೇಲಿನ ಬಟ್ಟೆ

ಬೆಂಗಳೂರಿನಲ್ಲಿ ಜುಲೈ, ಆಗಸ್ಟ್‌ನ ಜಿಟಿಜಿಟಿ ಮಳೆಯ ದಿನ ಬಿಚ್ಚಿದ ಕಂಪ್ಯೂಟರ್‌ಗೂ ಫೆಬ್ರುವರಿ ಮಧ್ಯಾಹ್ನ ಮೂರಕ್ಕೆ ಬಿಚ್ಚಿದ ಕಂಪ್ಯೂಟರ್‌ಗೂ ತುಂಬಾ ವ್ಯತ್ಯಾಸವಿದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಮಧ್ಯಾಹ್ನದ ತೇವಾಂಶ 30 ಪ್ರತಿಶತದ ಆಸುಪಾಸಿಗೆ ಇಳಿಯುತ್ತದೆ. ಕಾರಿನ ಬಾಗಿಲು ಮುಟ್ಟಿದರೆ ಚಟ್, ಬಾಚಣಿಗೆ ಎತ್ತಿದರೆ ಕೂದಲು ಎದ್ದು ನಿಲ್ಲುತ್ತದೆ. ಕಂಪ್ಯೂಟರ್ ಕೆಲಸಕ್ಕೆ 40ರಿಂದ 60 ಪ್ರತಿಶತ ಒಳ್ಳೆಯದು. ಏಸಿ ಹಾಕಿದರೆ ಗಾಳಿ ಇನ್ನೂ ಒಣಗುತ್ತದೆ, ಆದ್ದರಿಂದ ಆರಿಸಿ. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಕೆಲಸ ಮುಗಿಸಿಕೊಳ್ಳಿ. ಅದಾಗದಿದ್ದರೆ ಕೋಣೆಯ ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಅದು ಪೂರ್ತಿ ಆರಿದ ಮೇಲೆ ಶುರು ಮಾಡಿ. ಒಗೆದ ಬಟ್ಟೆ ಅದೇ ಕೋಣೆಯಲ್ಲಿ ಒಣಹಾಕುವುದೂ ನಡೆಯುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಮಾಡುತ್ತದೆ.

ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ಈ ಕೆಲಸಕ್ಕೆ ಹೊಸ ಫ್ಲ್ಯಾಟ್‌ಗಳ ವಿಟ್ರಿಫೈಡ್ ಟೈಲ್ಸ್‌ಗಿಂತ ವಾಸಿ, ಮೈಯ ಚಾರ್ಜನ್ನು ನಿಧಾನವಾಗಿ ಎಳೆದುಕೊಳ್ಳುತ್ತದೆ. ಟೈಲ್ಸ್ ಮೇಲೆ ರಬ್ಬರ್ ಚಪ್ಪಲಿ ಹಾಕಿ ಓಡಾಡಿದರೆ ಪ್ರತಿ ಹೆಜ್ಜೆಗೂ ಚಾರ್ಜ್ ಕೂಡುತ್ತಲೇ ಇರುತ್ತದೆ. ಕಾರ್ಪೆಟ್ ಇರುವ ಕೋಣೆ ಬೇಡವೇ ಬೇಡ. ಹಾಸಿಗೆ ಮೇಲೆ ಕೂತು ಬಿಚ್ಚುವವರೂ ಇದ್ದಾರೆ, ದಯವಿಟ್ಟು ಎದ್ದು ಟೇಬಲ್‌ಗೆ ಬನ್ನಿ.

ಹತ್ತಿ ಅಂಗಿ ಹಾಕಿಕೊಳ್ಳಿ. ಪಾಲಿಯೆಸ್ಟರ್ ಜೆರ್ಸಿಯ ಮೇಲೆ ಉಣ್ಣೆ ಸ್ವೆಟರ್ ಹಾಕುವುದು ಅತಿ ಕೆಟ್ಟ ಜೋಡಿ. ಸೆಕೆ ಆಯಿತೆಂದು ತೆರೆದ ಕ್ಯಾಬಿನೆಟ್ ಪಕ್ಕದಲ್ಲೇ ನಿಂತು ಸ್ವೆಟರ್ ಕಳಚಿದರೆ ಪಟಪಟ ಸದ್ದು ನಿಮಗೇ ಕೇಳಿಸುತ್ತದೆ. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಬ್ಯಾಂಡ್ ನಿಮ್ಮ ಮೈಯ ಚಾರ್ಜನ್ನಷ್ಟೇ ಇಳಿಸುತ್ತದೆ. ಬಟ್ಟೆಯ ಮೇಲಿನ ಚಾರ್ಜ್ ಅಲ್ಲೇ ಉಳಿದಿರುತ್ತದೆ, ಬಟ್ಟೆ ಬೋರ್ಡಿಗೆ ತಾಗಿದರೆ ಬ್ಯಾಂಡ್ ಅಡ್ಡ ಬರುವುದಿಲ್ಲ.

ಟೇಬಲ್ ಮೇಲಿನಿಂದ ಥರ್ಮಾಕೋಲ್, ಬಬಲ್ ರ‍್ಯಾಪ್, ಪ್ಲಾಸ್ಟಿಕ್ ಕವರ್, ಸೆಲ್ಲೋಟೇಪ್ ಎಲ್ಲ ತೆಗೆಯಿರಿ. ಟೇಪನ್ನು "ಸರ್ರ್" ಎಂದು ಎಳೆದರೆ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಕ್ಯಾಬಿನೆಟ್‌ನ ಅಕ್ರಿಲಿಕ್ ಅಥವಾ ಗಾಜಿನ ಬಾಗಿಲಿಗೆ ಅಂಟಿರುವ ಪ್ಲಾಸ್ಟಿಕ್ ಪದರವನ್ನು ಬಿಡಿಭಾಗ ಜೋಡಿಸುವ ಮೊದಲೇ, ಬಾಗಿಲನ್ನು ಬೇರೆ ಕಡೆ ಒಯ್ದು ಸುಲಿಯಿರಿ.

ಹಂತ 2: ಮನೆಯ ಅರ್ಥಿಂಗ್ ನಂಬುವ ಮೊದಲು ನೋಡಿ

ಮೂರು ಪಿನ್ ಸಾಕೆಟ್ ಇದೆ ಅಂದಮಾತ್ರಕ್ಕೆ ಅರ್ಥಿಂಗ್ ಇದೆ ಅಂತ ಅರ್ಥವಲ್ಲ. ಬಾಡಿಗೆ ಮನೆಗಳಲ್ಲಿ, ಅದರಲ್ಲೂ ಮಹಡಿ ಮೇಲೆ ಮಹಡಿ ಏರಿಸಿದ ಕಟ್ಟಡಗಳಲ್ಲಿ, ಮೇಲಿನ ದಪ್ಪ ತೂತಿನ ಹಿಂದೆ ತಂತಿಯೇ ಇಲ್ಲದ ಸಾಕೆಟ್‌ಗಳನ್ನು ನಾನೇ ಬಿಚ್ಚಿ ನೋಡಿದ್ದೇನೆ.

ಇದರ ಗುರುತು ಸುಲಭ. ಕಂಪ್ಯೂಟರ್ ಆನ್ ಇದ್ದಾಗ ಕ್ಯಾಬಿನೆಟ್‌ನ ಹಿಂದಿನ ಲೋಹ ಬೆರಳ ಹಿಂಬದಿಗೆ ತಾಗಿದರೆ "ಜುಂ" ಅನ್ನುತ್ತದೆಯೇ? ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ) ಒಳಗೆ ಫೇಸ್‌ನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಸಣ್ಣ ಕೆಪ್ಯಾಸಿಟರ್ ಇರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಬಾಡಿ ಎರಡರ ನಡುವೆ ತೂಗಾಡುತ್ತಾ 230ರ ಅರ್ಧ, ಅಂದರೆ 115 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಕರೆಂಟ್ ಕಡಿಮೆ, ಮನುಷ್ಯನಿಗೆ ಜುಮ್ಮೆನ್ನುವಷ್ಟು ಮಾತ್ರ. ಆದರೆ ಆ ಸ್ಥಿತಿಯಲ್ಲಿ ಯುಎಸ್‌ಬಿ ಅಥವಾ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಪೋರ್ಟಿಗೆ ಪೆಟ್ಟು ಬೀಳುತ್ತದೆ. ಇದನ್ನೂ ಜನ ಸ್ಟ್ಯಾಟಿಕ್ ಅಂದುಕೊಳ್ಳುತ್ತಾರೆ. ಇದು ಬೇರೆ ಕಾಯಿಲೆ, ಔಷಧಿ ಎಲೆಕ್ಟ್ರಿಷಿಯನ್ ಹತ್ತಿರ.

ಮೀಟರ್ ಹಿಡಿದು ಸಾಕೆಟ್ ನೋಡಿ ಅಭ್ಯಾಸ ಇರುವವರು ಎಸಿ 600 ಅಥವಾ 750 ವೋಲ್ಟ್ ರೇಂಜಿಗೆ ತಿರುಗಿಸಿ ಮೂರು ಅಳತೆ ತೆಗೆಯಿರಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು. ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್. ಎರಡನೆಯ ಅಳತೆ 60, 90, 110 ಎಂದು ಓಲಾಡುತ್ತಿದ್ದರೆ ಅರ್ಥಿಂಗ್ ಇಲ್ಲ. ಇನ್ನೊಂದು ಮೋಸವಿದೆ: ಅದೇ ಲೈನಿನಲ್ಲಿ ಗೀಸರ್ ಅಥವಾ ಇಸ್ತ್ರಿಪೆಟ್ಟಿಗೆ ಓಡುತ್ತಿದ್ದರೂ ಮೂರನೆಯ ಅಳತೆ ಸೊನ್ನೆಯಿಂದ ಕದಲದಿದ್ದರೆ, ಯಾರೋ ಸಾಕೆಟ್ ಡಬ್ಬದೊಳಗೇ ನ್ಯೂಟ್ರಲ್ಲನ್ನು ಅರ್ತ್‌ಗೆ ಸೇರಿಸಿರುವ ಅನುಮಾನ ಪಡಿ. ನ್ಯೂಟ್ರಲ್ ಕಡಿದ ದಿನ ಕ್ಯಾಬಿನೆಟ್ಟಿಗೆ ಪೂರ್ತಿ ಫೇಸ್ ಬರುತ್ತದೆ. ಅದಕ್ಕೆ ನಿಮ್ಮ ಬ್ಯಾಂಡ್ ಕಟ್ಟಬೇಡಿ. ಮೇನ್ಸ್ ಮುಟ್ಟಿ ಅಭ್ಯಾಸ ಇಲ್ಲದವರು ಮೂರು ದೀಪದ ಸಾಕೆಟ್ ಟೆಸ್ಟರ್ ತಂದು ಸಿಕ್ಕಿಸಿ ನೋಡಿ. ನ್ಯೂಟ್ರಲ್, ಅರ್ತ್ ಸೇರಿಸಿರುವ ಈ ಮೋಸ ಮಾತ್ರ ಅದಕ್ಕೂ ಗೊತ್ತಾಗುವುದಿಲ್ಲ, ಅದನ್ನು ಎಲೆಕ್ಟ್ರಿಷಿಯನ್ನೇ ನೋಡಬೇಕು.

ಅರ್ಥಿಂಗ್ ಇಲ್ಲ ಎಂದು ಗೊತ್ತಾದರೆ ರಿಪೇರಿ ಕೈಬಿಡಬೇಕಾಗಿಲ್ಲ. ಭೂಮಿಗೆ ಸೇರಿಸದಿದ್ದರೂ ನೀವು, ಕ್ಯಾಬಿನೆಟ್, ಬಿಡಿಭಾಗ ಮೂರೂ ಒಂದೇ ಮಟ್ಟದಲ್ಲಿದ್ದರೆ ಸಾಕು. ಮುಂದಿನ ಹಂತಕ್ಕೆ ಬನ್ನಿ.

ಹಂತ 3: ಬ್ಯಾಂಡ್ ಕಟ್ಟುವ ಮೊದಲು ಬ್ಯಾಂಡ್ ಅಳೆಯಿರಿ

ಒಳ್ಳೆಯ ಬ್ಯಾಂಡ್‌ನ ತಂತಿಯೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಮೇಲೆ ಹೇಳಿದ ಸೂಜಿ ಪೈಪು ಇದೇ. ಚಾರ್ಜ್ ನಿಧಾನವಾಗಿ ಇಳಿಯುವುದು ಒಂದು ಲಾಭ. ದೊಡ್ಡ ಲಾಭ ಬೇರೆ: ಅಕಸ್ಮಾತ್ 230 ವೋಲ್ಟ್ ಬಂದರೂ ನಿಮ್ಮ ಮೂಲಕ 0.23 ಮಿಲಿಆಂಪ್‌ಗಿಂತ ಹೆಚ್ಚು ಹರಿಯದಂತೆ ಅದು ತಡೆಯುತ್ತದೆ.

ಮೀಟರನ್ನು 20 ಮೆಗಾಓಮ್ ರೇಂಜಿಗೆ ಇಡಿ. ಒಂದು ಪ್ರೋಬ್ ತಂತಿಯ ಗುಂಡಿಗೆ, ಇನ್ನೊಂದು ಮೊಸಳೆ ಕ್ಲಿಪ್‌ಗೆ. 1ರ ಆಸುಪಾಸು ತೋರಿಸಬೇಕು. ಸೊನ್ನೆ ತೋರಿಸಿದರೆ ಒಳಗೆ ರೆಸಿಸ್ಟರ್ ಇಲ್ಲ, ಅದನ್ನು ಕಸಕ್ಕೆ ಹಾಕಿ. "ಓಎಲ್" ಅಥವಾ ಎಡಗಡೆ ಒಂಟಿ 1 ತೋರಿಸಿದರೆ ತಂತಿ ಕಡಿದಿದೆ. ಅಳೆಯುವಾಗಲೇ ಗುಂಡಿ ಹತ್ತಿರ ತಂತಿಯನ್ನು ಅತ್ತಿತ್ತ ಬಗ್ಗಿಸಿ, ಬಹಳಷ್ಟು ಅಲ್ಲೇ ಕಡಿಯುತ್ತವೆ.

ಈಗ ಬ್ಯಾಂಡ್ ಕಟ್ಟಿಕೊಂಡು ತಂತಿ ಸಿಕ್ಕಿಸಿ. ಅದೇ ಕೈಯ ಬೆರಳುಗಳಿಂದ ಒಂದು ಪ್ರೋಬ್‌ನ ಲೋಹದ ತುದಿಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಕ್ಲಿಪ್‌ಗೆ ಮುಟ್ಟಿಸಿ. 1ರಿಂದ 10 ಮೆಗಾಓಮ್ ಒಳಗೆ ಬಂದರೆ ನಿಶ್ಚಿಂತೆ. ಕಾರ್ಖಾನೆಗಳಲ್ಲಿ 35 ಮೆಗಾಓಮ್ ದಾಟಿದರೆ ಫೇಲ್ ಅನ್ನುತ್ತಾರೆ. ಮೊದಲ ಅಳತೆ ಸರಿ ಇದ್ದು ಇದು ಮಾತ್ರ ಜಾಸ್ತಿ ಬಂದರೆ ದೋಷ ನಿಮ್ಮ ಚರ್ಮದ್ದು. ಒಣ ಹವೆಯಲ್ಲಿ ಚರ್ಮ ಬಿರಿದು ಕರೆಂಟ್ ಹರಿಯಗೊಡುವುದಿಲ್ಲ. ಮಣಿಕಟ್ಟನ್ನು ಒದ್ದೆ ಕೈಯಿಂದ ಸವರಿ, ಒಂದು ರಂಧ್ರ ಬಿಗಿ ಮಾಡಿ, ಮತ್ತೆ ಅಳೆಯಿರಿ. ಅಂಗಿ ತೋಳಿನ ಮೇಲೆ, ವಾಚಿನ ಪಟ್ಟಿಯ ಮೇಲೆ ಕಟ್ಟಿದರೆ ಕಟ್ಟದಿದ್ದಂತೆಯೇ.

ಹಂತ 4: ಪವರ್ ತೆಗೆಯಿರಿ, ಉಳಿದದ್ದನ್ನು ಖಾಲಿ ಮಾಡಿ

ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳಿ. "ಪ್ಲಗ್ ಇರಲಿ, ಸ್ವಿಚ್ ಮಾತ್ರ ಆರಿಸಿದರೆ ಅರ್ಥಿಂಗ್ ಸಿಗುತ್ತದೆ" ಎಂಬ ಸಲಹೆ ಬಹಳ ಕಡೆ ಕೇಳಿರುತ್ತೀರಿ. ಲೆಕ್ಕದಲ್ಲಿ ಸರಿ. ಆದರೆ ನಮ್ಮ ಸ್ವಿಚ್ ಕಡಿಯುವುದು ಒಂದೇ ತಂತಿಯನ್ನು. ವೈರಿಂಗ್ ಮಾಡಿದವರು ಫೇಸ್, ನ್ಯೂಟ್ರಲ್ ಅದಲುಬದಲು ಮಾಡಿದ್ದರೆ ಸ್ವಿಚ್ ಆರಿಸಿದರೂ ಎಸ್‌ಎಂಪಿಎಸ್‌ವರೆಗೆ ಫೇಸ್ ಇದ್ದೇ ಇರುತ್ತದೆ. ಅಂಥ ಮನೆಗಳು ಕಡಿಮೆ ಇಲ್ಲ. ನಾನು ಕಿತ್ತೇ ಹಾಕುತ್ತೇನೆ. ಯುಪಿಎಸ್‌ನಲ್ಲಿ ಸಿಕ್ಕಿಸಿದ್ದರೆ ಅಲ್ಲಿಂದಲೂ ಕೀಳಿ.

ಮಾನಿಟರ್, ಪ್ರಿಂಟರ್, ನೆಟ್‌ವರ್ಕ್ ಕೇಬಲ್ ಎಲ್ಲ ತೆಗೆದ ಮೇಲೆ ಪವರ್ ಬಟನ್ನನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನ ಮೇಲಿನ ಪುಟ್ಟ ಎಲ್‌ಇಡಿ ಆರಬೇಕು. ಅದು ಉರಿಯುತ್ತಿದ್ದಾಗ ರ‍್ಯಾಮ್ ಕಿತ್ತರೆ ಆಗುವ ಹಾನಿಗೂ ಸ್ಟ್ಯಾಟಿಕ್‌ಗೂ ಸಂಬಂಧವಿಲ್ಲ, ಆದರೂ ಕೊನೆಗೆ ಬೈಗುಳ ತಿನ್ನುವುದು ಸ್ಟ್ಯಾಟಿಕ್ಕೇ.

ಹಂತ 5: ಕ್ಲಿಪ್ ಹಾಕುವ ಜಾಗ

ಒಮ್ಮೆ ಹೀಗೆ ಮಾಡಿ ನೋಡಿ. ಮೀಟರನ್ನು ಬೀಪ್ ರೇಂಜಿಗೆ ಇಟ್ಟು, ಒಂದು ಪ್ರೋಬನ್ನು ಎಸ್‌ಎಂಪಿಎಸ್‌ನ ಹಿಂದಿನ ಸ್ಕ್ರೂಗೆ ಒತ್ತಿ. ಇನ್ನೊಂದನ್ನು ಕ್ಯಾಬಿನೆಟ್‌ನ ಕಪ್ಪು ಪಕ್ಕಕ್ಕೆ ಮುಟ್ಟಿಸಿ. ಸದ್ದಿಲ್ಲ. ಪ್ರೋಬ್ ತುದಿಯಿಂದ ಪೇಂಟನ್ನು ಚೂರು ಕೆರೆಯಿರಿ, ಕೂದಲೆಳೆಯಷ್ಟು ಬೆಳ್ಳಗೆ ಕಂಡೊಡನೆ "ಪೀಂ" ಅನ್ನುತ್ತದೆ. ಆ ಪೇಂಟಿನ ಪದರವೇ ನಿಮ್ಮ ಬ್ಯಾಂಡನ್ನು ಬರೀ ಕೈಬಳೆ ಮಾಡಿಬಿಡುವುದು. ಕ್ಲಿಪ್‌ನ ಹಲ್ಲು ಪೇಂಟನ್ನು ಚುಚ್ಚುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಕೆರೆಯುವ ಗೋಜು ಬೇಡವೆಂದರೆ ಸರಿಯಾದ ಜಾಗಗಳಿವೆ: ಎಸ್‌ಎಂಪಿಎಸ್‌ನ ಫ್ಯಾನ್ ಮೇಲಿನ ಲೋಹದ ಜಾಲರಿ, ಗ್ರಾಫಿಕ್ಸ್ ಕಾರ್ಡ್ ಕೂರುವಲ್ಲಿನ ಬಣ್ಣವಿಲ್ಲದ ಪಟ್ಟಿ, ಡ್ರೈವ್ ಇಡುವ ಗೂಡಿನ ಬೆಳ್ಳಿ ಬಣ್ಣದ ತಗಡು. ಎಲ್ಲೇ ಹಾಕಿ, ಮೊದಲು ಬೀಪ್ ಕೇಳಿಸಿಕೊಂಡು ಹಾಕಿ. ಜಾಲರಿಗೂ ಪೇಂಟ್ ಹೊಡೆದ ಎಸ್‌ಎಂಪಿಎಸ್ ಇರುತ್ತವೆ.

ಮ್ಯಾಟ್ ಇದ್ದರೆ ಅದರ ತಂತಿಯೂ ಇದೇ ಜಾಗಕ್ಕೆ. ಬ್ಯಾಂಡ್ ಒಂದು ಕಡೆ, ಮ್ಯಾಟ್ ಇನ್ನೊಂದು ಕಡೆ ಎಂದು ಮಾಡಬೇಡಿ.

ಬ್ಯಾಂಡ್ ಇಲ್ಲದವರು? ಕೆಲಸ ಮಾಡುವಾಗ ಎಡಗೈಯ ಮುಂದೋಳು ಸದಾ ಕ್ಯಾಬಿನೆಟ್‌ನ ಬರಿ ಲೋಹಕ್ಕೆ ತಾಗಿರಲಿ. ಒಮ್ಮೆ ಮುಟ್ಟಿ ಬಿಟ್ಟರೆ ಸಾಲದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ಸಲ ಜರುಗಿದರೆ ಮತ್ತೆ ಚಾರ್ಜ್ ಏರುತ್ತದೆ. ಎದ್ದು ನೀರು ಕುಡಿದು ಬಂದರೂ ಮೊದಲು ಲೋಹ, ಆಮೇಲೆ ಬೋರ್ಡ್. ಚಟ್ ಎನ್ನುವ ಭಯವಿದ್ದರೆ ಕೈಯಲ್ಲಿ ಬೀಗದ ಕೈ ಗಟ್ಟಿಯಾಗಿ ಹಿಡಿದು ಅದರ ತುದಿಯನ್ನು ಮುಟ್ಟಿಸಿ, ಕಿಡಿ ಕೀಲಿಕೈಗೆ ಹಾರುತ್ತದೆ, ನೋವಾಗುವುದಿಲ್ಲ.

ಹಂತ 6: ಕವರ್‌ನಿಂದ ಹೊರಗೆ ತೆಗೆಯುವ ಕ್ಷಣ

ಹೊಸ ಬಿಡಿಭಾಗಕ್ಕೆ ಅತಿ ಹೆಚ್ಚು ಅಪಾಯ ಇಲ್ಲಿದೆ, ಆದರೆ ಎಲ್ಲರೂ ಆತುರ ಪಡುವುದೂ ಇಲ್ಲೇ.

ನನ್ನದೇ ಒಂದು ಕತೆ. ಒಂದು ಮಾರ್ಚ್ ತಿಂಗಳು, ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಬಿಡಿ ರ‍್ಯಾಮ್ ಕೊಂಡೆ. ಹುಡುಗ ಗಾಜಿನ ಕಪಾಟಿನಿಂದ ತೆಗೆದು, ತೆಳು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟ. ನಾನೂ ಸುಮ್ಮನೆ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಬಸ್ ಹತ್ತಿದೆ. ಮನೆಗೆ ಬರುವವರೆಗೂ ಅದು ಪ್ಲಾಸ್ಟಿಕ್‌ಗೆ ಉಜ್ಜುತ್ತಲೇ ಇತ್ತು. ಬ್ಯಾಂಡ್ ಕಟ್ಟಿ, ಕ್ಲಿಪ್ ಹಾಕಿ, ಶಾಸ್ತ್ರವೆಲ್ಲ ಮಾಡಿ ಸ್ಲಾಟಿಗೆ ಒತ್ತಿದೆ. ಮೂರು ಬೀಪ್. ಬೇರೆ ಬೋರ್ಡಿನಲ್ಲೂ ಅದೇ ಹಾಡು. ಅಂಗಡಿಯಿಂದಲೇ ಸತ್ತು ಬಂದಿತ್ತೋ, ದಾರಿಯಲ್ಲಿ ಸತ್ತಿತೋ, ನನ್ನ ಕೈಯಲ್ಲಿ ಸತ್ತಿತೋ ಸಾಬೀತು ಮಾಡುವುದಕ್ಕೆ ಆಗಲಿಲ್ಲ. ಆದರೆ ಆ ದಿನ ಒಂದು ವಿಷಯ ಮನಸ್ಸಿಗೆ ಬಂತು: ಚಾರ್ಜ್ ಏರುವುದು ನನ್ನ ಮೈಗೆ ಮಾತ್ರವಲ್ಲ, ಬಿಡಿಭಾಗಕ್ಕೂ ಏರುತ್ತದೆ. ಹಾಗೆ ಚಾರ್ಜ್ ಏರಿದ ಚಿಪ್ಪಿನ ಕಾಲು ಲೋಹಕ್ಕೆ ತಾಗಿದಾಗ ಎಲ್ಲವೂ ಒಂದೇ ಏಟಿಗೆ ಸುರಿಯುತ್ತದೆ. ಬ್ಯಾಂಡ್ ಅದನ್ನು ತಡೆಯಲಾರದು.

ಕವರ್‌ಗಳನ್ನು ಗುರುತಿಸಿ. ಗುಲಾಬಿ ಬಣ್ಣದ್ದು ತಾನು ಚಾರ್ಜ್ ಹುಟ್ಟಿಸುವುದಿಲ್ಲ, ಅಷ್ಟೇ. ಹೊರಗಿನ ಪೆಟ್ಟನ್ನು ತಡೆಯುವುದಿಲ್ಲ. ಬೂದು ಮಿಶ್ರಿತ ಬೆಳ್ಳಿ ಬಣ್ಣದ್ದು, ಬೆಳಕಿಗೆ ಹಿಡಿದರೆ ಒಳಗಿನದು ಮಸುಕಾಗಿ ಕಾಣುವಂಥದ್ದು ಶೀಲ್ಡಿಂಗ್ ಕವರ್. ಪೆಟ್ಟು ತಡೆಯುವುದು ಇದೇ, ಅದೂ ಬಾಯಿ ಮಡಚಿದ್ದರೆ ಮಾತ್ರ. ತೂತು ಬಿದ್ದದ್ದನ್ನು, ಮುದುಡಿ ಮುದುಡಿ ಬೆಳ್ಳಿ ಉದುರಿದ್ದನ್ನು ಎಸೆಯಿರಿ. ಅಂಗಡಿಯಲ್ಲಿ ಬಿಡಿ ರ‍್ಯಾಮ್ ಕೊಳ್ಳುವಾಗ "ಸಿಲ್ವರ್ ಕವರ್‌ನಲ್ಲಿ ಹಾಕಿ ಕೊಡಿ" ಎಂದು ಬಾಯಿಬಿಟ್ಟು ಕೇಳಿ, ಅಥವಾ ಮನೆಯಿಂದಲೇ ಒಂದನ್ನು ಒಯ್ಯಿರಿ.

ಈಗ ಕ್ರಮ:

1. ಬ್ಯಾಂಡ್ ಕಟ್ಟಿ ಕ್ಲಿಪ್ ಹಾಕಿದ ಮೇಲೆ, ಮುಚ್ಚಿದ ಕವರನ್ನು ಹಾಗೇ ಎತ್ತಿ ಕ್ಯಾಬಿನೆಟ್‌ನ ಬರಿ ಲೋಹದ ಮೇಲೆ ಅಥವಾ ಮ್ಯಾಟ್ ಮೇಲೆ ಇಡಿ.
2. ಬ್ಯಾಂಡ್ ಇರುವ ಕೈಯನ್ನು ಕವರ್ ಮೇಲೆ ಇಟ್ಟು ಐದಾರು ಸೆಕೆಂಡ್ ಸುಮ್ಮನಿರಿ. ಕವರ್, ಒಳಗಿನದು, ನೀವು, ಕ್ಯಾಬಿನೆಟ್, ನಾಲ್ಕರ ಮಟ್ಟವೂ ಒಂದಾಗಲಿ.
3. ಕವರ್ ಬಾಯಿ ನಿಧಾನವಾಗಿ ಬಿಚ್ಚಿ. ಟೇಪ್ ಅಂಟಿಸಿದ್ದರೆ ಎಳೆಯದೆ ಕತ್ತರಿಯಿಂದ ಕತ್ತರಿಸಿ.
4. ಬೋರ್ಡಿನ ಅಂಚು ಹಿಡಿದು ಹೊರಗೆ ತೆಗೆಯಿರಿ. ಕವರನ್ನು ಕೊಡವಿ ಕೆಳಗೆ ಬೀಳಿಸಬೇಡಿ.
5. ತೆಗೆದದ್ದನ್ನು ಎಲ್ಲಿಯೂ ಇಡದೆ ನೇರ ಸ್ಲಾಟಿಗೆ ಒಯ್ಯಿರಿ. ಇಡಲೇಬೇಕಾದರೆ ಮ್ಯಾಟ್ ಮೇಲೆ.

ಪ್ಲಾಸ್ಟಿಕ್ ಬ್ಲಿಸ್ಟರ್ ಪ್ಯಾಕ್‌ನಲ್ಲಿ ಬಂದಿದ್ದರೆ? ಅದನ್ನು ಮ್ಯಾಟ್ ಮೇಲಿಟ್ಟು ನಿಧಾನವಾಗಿ ತೆರೆದು, ಮೊದಲು ಬೋರ್ಡಿನ ಅಂಚನ್ನು ಬ್ಯಾಂಡ್ ಇರುವ ಕೈಯಿಂದ ಹಿಡಿದು ಒಂದು ಕ್ಷಣ ಬಿಟ್ಟು ಎತ್ತಿ. ಬೆರಳು ಒಂದು ಮೆಗಾಓಮ್ ಹಿಂದೆ ಇರುವುದರಿಂದ ಇಳಿತ ಮೆಲ್ಲಗಾಗುತ್ತದೆ.

ಹಂತ 7: ಹಿಡಿಯುವ ಬಗೆ

ರ‍್ಯಾಮನ್ನು ಎರಡು ತುದಿಯಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಗೆರೆಗಳಿಗೆ ಬೆರಳು ಬೇಡ. ಡೇಟಾ ಇಡುವ ಪಟ್ಟಿಯಂಥ ಡ್ರೈವ್, ಎಂ.2 ಎಸ್‌ಎಸ್‌ಡಿಯೂ ಹಾಗೆಯೇ. ಅದರ ಹೀಟ್‌ಸಿಂಕ್ ಅಡಿಯ ಪ್ಯಾಡ್‌ಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಎಸ್‌ಎಸ್‌ಡಿಯ ಹತ್ತಿರ ತರುವ ಮೊದಲೇ, ದೂರದಲ್ಲಿ ಮೆಲ್ಲಗೆ ಸುಲಿದಿಟ್ಟುಕೊಳ್ಳಿ. ಗ್ರಾಫಿಕ್ಸ್ ಕಾರ್ಡನ್ನು ಅದರ ಲೋಹದ ಪಟ್ಟಿ ಹಿಡಿದು ಎತ್ತಿ, ಸ್ಲಾಟ್‌ಗಿಂತ ಮೊದಲು ಆ ಪಟ್ಟಿ ಕ್ಯಾಬಿನೆಟ್ಟಿಗೆ ತಾಗಲಿ.

ಪ್ರೊಸೆಸರ್ ವಿಷಯದಲ್ಲಿ ಎರಡು ಜಾತಿ. ಕೆಲವಕ್ಕೆ ಪಿನ್ ಪ್ರೊಸೆಸರ್‌ನಲ್ಲೇ ಇರುತ್ತವೆ, ಕೆಲವಕ್ಕೆ ಬೋರ್ಡಿನ ಸಾಕೆಟ್‌ನಲ್ಲಿ. ಎರಡರಲ್ಲೂ ಪ್ರೊಸೆಸರ್‌ನ ಅಂಚು ಮಾತ್ರ ಮುಟ್ಟಿ. ಸಾಕೆಟ್ ಪಿನ್‌ಗೆ ಬೆರಳು ಅಥವಾ ಬಟ್ಟೆ ತಾಗಿ ಬಾಗಿದರೆ ಅದು ಸ್ಟ್ಯಾಟಿಕ್‌ಗಿಂತ ಖಚಿತವಾದ ಸಾವು.

ಮದರ್‌ಬೋರ್ಡನ್ನು ಕವರ್ ಮೇಲಿಟ್ಟು ಆನ್ ಮಾಡಬೇಡಿ. ಕಪ್ಪು ಕವರ್ ಕರೆಂಟ್ ಹರಿಸುತ್ತದೆ, ಬೆಳ್ಳಿಯದರ ಒಳಗೂ ಲೋಹದ ಪದರವಿದೆ. ಟೆಸ್ಟ್ ಮಾಡಲು ಬೋರ್ಡ್ ಬಂದ ರಟ್ಟಿನ ಡಬ್ಬವೇ ಸಾಕು.

ಹಂತ 8: ಧೂಳು ತೆಗೆಯುವಾಗ

ನಮ್ಮೂರಿನ ಧೂಳಿಗೆ ಬ್ಲೋವರ್ ಇಲ್ಲದೆ ಆಗುವುದಿಲ್ಲ, ಸರಿ. ಆದರೆ ಮನೆಯ ವ್ಯಾಕ್ಯೂಮ್ ಕ್ಲೀನರ್‌ನ ಪ್ಲಾಸ್ಟಿಕ್ ಮೂತಿಯನ್ನು ಬೋರ್ಡಿನ ಹತ್ತಿರ ತರಬೇಡಿ, ಧೂಳು ಉಜ್ಜಿಕೊಂಡು ಹೋಗುವ ರಭಸಕ್ಕೆ ಮೂತಿಯೇ ಚಾರ್ಜ್ ಆಗುತ್ತದೆ. ಬ್ಲೋವರ್ ಬಿಡುವಾಗ ಒಂದು ಗೇಣು ದೂರವಿರಲಿ. ಫ್ಯಾನ್‌ನ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಿ, ಗಾಳಿಗೆ ಗಿರಗಿರ ತಿರುಗಿದರೆ ಫ್ಯಾನೇ ಡೈನಮೋ ಆಗಿ ಬೋರ್ಡಿಗೆ ಕರೆಂಟ್ ತಳ್ಳಬಹುದು. ನೈಲಾನ್ ಪೇಂಟ್ ಬ್ರಷ್ ಬೇಡ, ಕಪ್ಪು ಇಎಸ್‌ಡಿ ಬ್ರಷ್ ಅಗ್ಗಕ್ಕೇ ಸಿಗುತ್ತದೆ. ರ‍್ಯಾಮ್ ಗೆರೆ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಸಾಕು. ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ಎಲ್ಲರಿಗೂ ಗೊತ್ತಿರುವ ಉಪಾಯ, ನನಗೆ ಅಷ್ಟು ಹಿಡಿಸುವುದಿಲ್ಲ. ಉಜ್ಜಿದರೆ ಚಾರ್ಜ್, ಮೇಲಾಗಿ ಚಿನ್ನದ ಲೇಪವೂ ಸವೆಯುತ್ತದೆ.

ಲ್ಯಾಪ್‌ಟಾಪ್ ಆದರೆ

ಚಾರ್ಜರ್ ಕೀಳಿ, ಅಡಿಯ ಮುಚ್ಚಳ ತೆಗೆಯಿರಿ, ಬೇರೆ ಏನನ್ನೂ ಮುಟ್ಟುವ ಮುನ್ನ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಆಮೇಲೆ ಪವರ್ ಬಟನ್ 15 ಸೆಕೆಂಡ್. ಬಾಡಿ ಪ್ಲಾಸ್ಟಿಕ್ ಆಗಿದ್ದರೆ ಕ್ಲಿಪ್ ಹಾಕಲು ಜಾಗ ಹುಡುಕಬೇಕು. ಯುಎಸ್‌ಬಿ ಪೋರ್ಟಿನ ಲೋಹದ ಹೊರಕವಚ ಒಳ್ಳೆಯದು. ಬೋರ್ಡ್ ಸ್ಕ್ರೂ ಸುತ್ತಲಿನ ಬೆಳ್ಳಿ ಉಂಗುರವೂ ಅದೇ ಗ್ರೌಂಡ್. ಕ್ಲಿಪ್ ಜಾರಿ ಪಕ್ಕದ ಚಿಪ್ಪಿನ ಮೇಲೆ ಬೀಳದಂತೆ ನೋಡಿಕೊಳ್ಳಿ.

ಬ್ಯಾಂಡ್ ಬಿಚ್ಚಿಡಬೇಕಾದ ಸಂದರ್ಭ

ಎಸ್‌ಎಂಪಿಎಸ್ ಡಬ್ಬ ತೆರೆಯುವಾಗ, ಹಳೆ ಸಿಆರ್‌ಟಿ ಮಾನಿಟರ್, ಯುಪಿಎಸ್ ಮುಟ್ಟುವಾಗ, ಕರೆಂಟ್ ಹರಿಯುತ್ತಿರುವ ಬೋರ್ಡಿನ ಮೇಲೆ ಮೀಟರ್ ಇಡುವಾಗ ಬ್ಯಾಂಡ್ ಕೈಯಲ್ಲಿ ಇರಬಾರದು. ಅಲ್ಲಿ ಕಾಪಾಡಬೇಕಾದದ್ದು ನಿಮ್ಮನ್ನು. ಪ್ಲಗ್ ಕಿತ್ತ ಮೇಲೂ ಎಸ್‌ಎಂಪಿಎಸ್‌ನ ದೊಡ್ಡ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್ ಮೀರಿದ ಡಿಸಿ ಉಳಿದಿರಬಹುದು. ಕಲಿಯದವರು ಆ ಡಬ್ಬ ತೆರೆಯುವುದೇ ಬೇಡ.

ಪೆಟ್ಟು ಬಿದ್ದಿದೆಯೇ? ಗುರುತುಗಳು

ಪೂರ್ತಿ ಸತ್ತರೆ ಪುಣ್ಯ, ಅಲ್ಲೇ ಗೊತ್ತಾಗುತ್ತದೆ. ಅರ್ಧ ಸತ್ತದ್ದು ಕಾಡುತ್ತದೆ: ವಾರಕ್ಕೊಮ್ಮೆ ನೀಲಿ ಪರದೆ, ಬಿಸಿಯಾದಾಗ ಮಾತ್ರ ಹ್ಯಾಂಗ್, ಒಮ್ಮೊಮ್ಮೆ ಕಾಣೆಯಾಗುವ ಎಸ್‌ಎಸ್‌ಡಿ, ಒಂದೇ ಒಂದು ಯುಎಸ್‌ಬಿ ಪೋರ್ಟ್ ಕೆಲಸ ನಿಲ್ಲಿಸುವುದು.

ಆದರೆ ಎಲ್ಲದಕ್ಕೂ ಸ್ಟ್ಯಾಟಿಕ್ ಅನ್ನಬೇಡಿ. "ಡಿಸ್‌ಪ್ಲೇ ಬರ್ತಿಲ್ಲ" ಎಂದು ಬಂದವುಗಳಲ್ಲಿ ನಾನು ಮೊದಲು ನೋಡುವುದು ರ‍್ಯಾಮ್ ಸರಿಯಾಗಿ ಕೂತಿದೆಯೇ, ಎರಡೂ ಕಿವಿ "ಟಕ್" ಎಂದು ಮುಚ್ಚಿವೆಯೇ, ಪ್ರೊಸೆಸರ್ ಹತ್ತಿರದ ಪವರ್ ವೈರ್ ಸಿಕ್ಕಿಸಿದ್ದಾರೆಯೇ ಎಂದು. ಇವು ಸರಿ ಇದ್ದರೆ ಒಂದೊಂದೇ ರ‍್ಯಾಮ್ ಹಾಕಿ, ಸ್ಲಾಟ್ ಬದಲಿಸಿ ನೋಡಿ. ಆನ್ ಆಗುತ್ತದೆ ಆದರೆ ಅನುಮಾನವಿದೆ ಎಂದಾದರೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ಮೇಲೆ ನಂಬಿಕೆ ಬೇಡ. ಸ್ಲಾಟ್ ಬದಲಿಸಿದಾಗ ಎರರ್ ರ‍್ಯಾಮ್ ಜೊತೆಗೇ ಹೋದರೆ ದೋಷ ರ‍್ಯಾಮ್‌ನದ್ದು, ಸ್ಲಾಟಿನಲ್ಲೇ ಉಳಿದರೆ ಬೋರ್ಡಿನದ್ದು.

ಹಂತ 9: ಮುಚ್ಚುವುದು, ಹಳೆಯದನ್ನು ಕಟ್ಟಿಡುವುದು

ಕಿತ್ತ ಹಳೆ ಭಾಗ ಕೆಲಸ ಮಾಡುತ್ತಿದ್ದರೆ ಅದಕ್ಕೂ ಇದೇ ಮರ್ಯಾದೆ: ಬ್ಯಾಂಡ್ ಬಿಚ್ಚುವ ಮೊದಲೇ ಬೆಳ್ಳಿ ಕವರ್‌ಗೆ ಸೇರಿಸಿ, ಬಾಯಿ ಎರಡು ಮಡಿಕೆ ಮಡಚಿ. ಬಬಲ್ ರ‍್ಯಾಪ್ ಏನಿದ್ದರೂ ಕವರ್‌ನ ಹೊರಗೆ. ವಾರಂಟಿಗೆ ಕೊರಿಯರ್ ಮಾಡುವವರು ಬರೀ ಬಬಲ್ ರ‍್ಯಾಪ್ ಸುತ್ತಿ ಕಳಿಸಿದರೆ ಒಂದು ದೋಷ ಇದ್ದದ್ದು ಎರಡಾಗಿ ತಲುಪುತ್ತದೆ.

ಕ್ಯಾಬಿನೆಟ್‌ನ ಬಾಗಿಲು ಹಾಕಿ, ಸ್ಕ್ರೂ ಬಿಗಿದು, ಆಮೇಲೆ ಕ್ಲಿಪ್ ಬಿಡಿಸಿ. ಪ್ಲಗ್ ಸಿಕ್ಕಿಸುವುದು ಅದಕ್ಕೂ ಆಮೇಲೆ. ತಂತಿಯನ್ನು ಗುಂಡಿಯ ಹತ್ತಿರ ಬಿಗಿಯಾಗಿ ಸುತ್ತಿ ಡ್ರಾಯರ್‌ಗೆ ತುರುಕಬೇಡಿ. ಸಡಿಲವಾಗಿ ಸುತ್ತಿಡಿ, ಮುಂದಿನ ಸಲ ಕಟ್ಟುವ ಮೊದಲು ಮತ್ತೆ ಮೀಟರ್ ಇಡಿ.